ಬ್ಯಾಡಗಿಗೆ ಎಷ್ಟು ಕಾಗುಣಿತ?

ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೊಸದಾಗಿ ಕಾಲಿಟ್ಟವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ದಲಾಲರ ಅಂಗಡಿಗಳ ಮುಂದೆ ಚೀಲಗಳು ಸಾಲುಗಟ್ಟಿ ನಿಂತಿರುತ್ತವೆ. ಪ್ರತಿ ಲಾಟಿನಲ್ಲೂ ಒಂದು ಚೀಲದ ಬಾಯಿ ಬಿಚ್ಚಿರುತ್ತದೆ. ಖರೀದಿದಾರ ಮೇಲಿನ ಕಾಯಿ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎಳೆದು ತೆಗೆಯುತ್ತಾನೆ. ಅಂಗೈಯಲ್ಲಿ ಹಿಚುಕಿ ಹಸಿ ಎಷ್ಟಿದೆ ಅಂತ ಅಂದಾಜು ಮಾಡುತ್ತಾನೆ. ಒಂದನ್ನು ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ, ಇನ್ನೊಂದನ್ನು ಮುರಿದು ಬೆರಳಿಗೆ ಹತ್ತಿದ ಕೆಂಪನ್ನು ಬೆಳಕಿಗೆ ಹಿಡಿಯುತ್ತಾನೆ. ಇಷ್ಟೆಲ್ಲ ಅರ್ಧ ನಿಮಿಷದ ಕೆಲಸ. ಅದೇ ಚೀಲದ ಮೇಲೆ ಒಂದು ಚೀಟಿಯೂ ಇರುತ್ತದೆ: ಲಾಟ್ ನಂಬರು, ರೈತನ ಹೆಸರು, ಊರು, ಚೀಲ ಎಷ್ಟು, ಮತ್ತೆ ಒಂದೇ ಪದದಲ್ಲಿ ತಳಿ. ಕಡ್ಡಿ, ಡಬ್ಬಿ, ಗುಂಟೂರು.

ಚೀಟಿ ಓದುವುದು ಒಂದು, ಚೀಲಕ್ಕೆ ಕೈ ಹಾಕುವುದು ಇನ್ನೊಂದು. ಜೀವಿಗಳ ಡಿಎನ್ಎ ಮತ್ತು ಪ್ರೋಟೀನುಗಳ ಅಕ್ಷರಮಾಲೆಗಳನ್ನು ಕೂಡಿಟ್ಟ ಜಗತ್ತಿನ ದೊಡ್ಡ ಡೇಟಾಬೇಸುಗಳಲ್ಲಿ ಹುಡುಕುವವರಿಗೂ ಇವೇ ಎರಡು ದಾರಿ. ಎ, ಸಿ, ಜಿ, ಟಿ ಅಕ್ಷರಗಳ ಸಾಲನ್ನೇ ಕೊಟ್ಟು ‘ಇದರಂಥದ್ದು ಬೇರೆ ಎಲ್ಲಿದೆ?’ ಅಂತ ಕೇಳಿದರೆ ಅದು ಚೀಲಕ್ಕೆ ಕೈ ಹಾಕಿದ ಹಾಗೆ. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶ ಆ ಕೆಲಸ ಮಾಡುತ್ತದೆ. ಹೆಸರು, ಊರು, ಸಂಶೋಧಕ, ಜೀನಿನ ಅಡ್ಡಹೆಸರು ಟೈಪಿಸಿ ಹುಡುಕುವುದು ಪಠ್ಯದ ಹುಡುಕಾಟ, ಅಂದರೆ ಚೀಟಿ ಓದುವ ಕೆಲಸ. ದಿನಬೆಳಗಾದರೆ ಹೆಚ್ಚು ಜನ ಮಾಡುವುದು ಎರಡನೆಯದನ್ನೇ. ಅಲ್ಲಿ ಸಿಗುವುದು ಯಾರೋ ಒಬ್ಬರು ಎಂದೋ ಬರೆದಿಟ್ಟದ್ದು ಮಾತ್ರ. ಹಾಗಾಗಿ ಬ್ಯಾಡಗಿ ಮೆಣಸಿನಕಾಯಿಯನ್ನು ಈ ಡೇಟಾಬೇಸುಗಳಲ್ಲಿ ಹುಡುಕಲು ಹೊರಟವರು ಗೊತ್ತಿಲ್ಲದೆಯೇ ಈ ಸೀಮೆಯ ನಾಲ್ಕು ನೂರು ವರ್ಷದ ಹೆಸರಿನ ಗೊಂದಲಕ್ಕೆ ಕಾಲಿಡುತ್ತಾರೆ.

ಗೊಂದಲ ಶುರುವಾಗುವುದು ‘ಮೆಣಸು’ ಎಂಬ ಪದದಿಂದಲೇ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದ ಈ ಕಾಯಿ ಪಶ್ಚಿಮ ಕರಾವಳಿಗೆ ಬಂದಾಗ ಕನ್ನಡಿಗರಿಗೆ ಖಾರ ಎಂದರೆ ಬಳ್ಳಿಯ ಕರಿಮೆಣಸು. ಹೊಸದಕ್ಕೆ ಹೊಸ ಹೆಸರು ಹುಡುಕುವ ತಾಪತ್ರಯ ಯಾಕೆ ಅಂತ ಹಳೆಯದಕ್ಕೇ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಮಾಡಿದರು. ಪಕ್ಕದ ಮರಾಠಿಯ ‘ಮಿರ್ಚಿ’ಯೂ ಕರಿಮೆಣಸಿನ ಸಂಸ್ಕೃತ ಹೆಸರು ‘ಮರೀಚ’ದ ಕುಡಿಯೇ. ಕೊಲಂಬಸನ ಕಾಲದ ಯುರೋಪಿನವರೂ ಇದೇ ಸೋಮಾರಿತನ ತೋರಿದ್ದಕ್ಕೆ ಇಂಗ್ಲಿಷಿನಲ್ಲಿ ಎರಡೂ ‘ಪೆಪ್ಪರ್’. ಇವತ್ತು ಡೇಟಾಬೇಸಿನಲ್ಲಿ ಬರೀ ‘ಪೆಪ್ಪರ್’ ಎಂದು ಹುಡುಕಿದರೆ ಶಿರಸಿ ತೋಟದ ಬಳ್ಳಿಯ ಜಾತಿಯೂ ಬ್ಯಾಡಗಿಯ ಗಿಡದ ಜಾತಿಯೂ ಒಟ್ಟಿಗೆ ಮೇಲೆ ಬರುತ್ತವೆ, ಜೊತೆಗೆ ಹೆಸರಿನಲ್ಲಿ ‘ಪೆಪ್ಪರ್’ ಇಟ್ಟುಕೊಂಡ ನಾನಾ ವೈರಸ್ಸುಗಳೂ. ಒಂದು ಪೈಪರ್ ನೈಗ್ರಮ್, ಇನ್ನೊಂದು ಕ್ಯಾಪ್ಸಿಕಮ್ ಆನ್ಯುಮ್. ಎರಡಕ್ಕೂ ಬಳಗದ ನಂಟಿಲ್ಲ. ಮೆಣಸಿನಕಾಯಿ ಟೊಮೆಟೊ, ಬದನೆಯ ಒಡಹುಟ್ಟು.

ಅದಕ್ಕೇ ಪಳಗಿದವರು ಸಾಮಾನ್ಯ ಹೆಸರನ್ನು ಬಿಟ್ಟು ಜೀವಿಯ ಕಾಲಮ್ಮಿನಲ್ಲಿ ಮಾತ್ರ ಹುಡುಕು ಎಂದು ಕಟ್ಟುಹಾಕುತ್ತಾರೆ. ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐ ಇಟ್ಟಿರುವ ವರ್ಗೀಕರಣದಲ್ಲಿ ಕ್ಯಾಪ್ಸಿಕಮ್ ಆನ್ಯುಮ್‌ಗೆ 4072 ಎಂಬ ನಂಬರಿದೆ. ಆ ನಂಬರಿಗೆ ಕಾಗುಣಿತದ ಹಂಗಿಲ್ಲ. ಆದರೆ 4072ರ ಒಳಗೆ ಬ್ಯಾಡಗಿಯೂ ಇದೆ, ಗುಂಟೂರೂ ಇದೆ, ಪೇಟೆಯ ದೊಣ್ಣಮೆಣಸಿನಕಾಯಿಯೂ ಇದೆ. ಬ್ಯಾಡಗಿಯೊಂದನ್ನೇ ಬೇರ್ಪಡಿಸಬೇಕೆಂದರೆ ಮತ್ತೆ ತಳಿಯ ಹೆಸರಿಗೇ ಬರಬೇಕು.

ಆ ಹೆಸರಾದರೂ ಗಟ್ಟಿಯಾಗಿದೆಯೇ? ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿ ಹೊಲದ್ದೇ ಆಗಬೇಕೆಂದಿಲ್ಲ. ಕುಂದಗೋಳ, ಸವಣೂರು, ಗದಗ ಕಡೆಯ ಎರೆಭೂಮಿಯಲ್ಲಿ ಬೆಳೆದದ್ದೂ ಈ ಮಾರುಕಟ್ಟೆಯ ಹೆಸರು ಹೊತ್ತಿದೆ. ಈಗಂತೂ ಬಳ್ಳಾರಿ, ರಾಯಚೂರು ದಾಟಿ ಆಂಧ್ರದ ಲಾರಿಗಳೂ ಇಲ್ಲಿಗೆ ಬರುತ್ತವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಹಾಕಿದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ದಾರಕ್ಕೆ ಪೋಣಿಸಿಕೊಂಡವು. ದೂರದ ಊರಿನ ವ್ಯಾಪಾರಿಗೆ ಹೊಲ ಕಾಣುವುದಿಲ್ಲ, ಚೀಲ ಯಾವ ಪೇಟೆಯಿಂದ ಬಂತೋ ಆ ಪೇಟೆಯ ಹೆಸರೇ ಸರಕಿನ ಹೆಸರು.

ಹತ್ತು ಹದಿನೈದು ಮೈಲಿ ಆಚೆಯ ಹಾವೇರಿಯಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇದೆ. ಹಾವೇರಿಗೆ ‘ಏಲಕ್ಕಿ ಕಂಪಿನ ನಾಡು’ ಅಂತ ಬಿರುದು. 2023ರ ಜನವರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ಅಲ್ಲಿ ನಡೆದಾಗ ಆ ಬಿರುದು ಎಲ್ಲರ ಬಾಯಲ್ಲೂ ಓಡಾಡಿತು. ಅಲ್ಲಿನ ಏಲಕ್ಕಿ ಹಾರ ಕೊರಳಿಗೆ ಬೀಳದ ಗಣ್ಯರು ಕಡಿಮೆ. ಆದರೆ ಆ ಬಯಲುಸೀಮೆಯ ಬಿಸಿಲಿಗೆ ಏಲಕ್ಕಿ ಬೆಳೆಯುವುದುಂಟೇ? ಮಲೆನಾಡಿನಿಂದ ಬಂದ ಕಾಯನ್ನು ಹಾವೇರಿಯ ಬಾವಿಯ ನೀರಿನಲ್ಲಿ ಅಂಟುವಾಳ ಹಾಕಿ ತೊಳೆದು ಬೆಳ್ಳಗೆ ಮಾಡಿ ಮಾರುವ ಕಸುಬು ಇಲ್ಲಿ ಬೇರೂರಿತ್ತು. ಬೆಳೆದ ಊರಿಗಿಂತ ತೊಳೆದ ಊರಿಗೆ ಹೆಸರು ಬಂತು. ಬೆಳೆದವರ ಬಗ್ಗೆ ಕನಿಕರ ಬಂದರೆ ತಪ್ಪಲ್ಲ.

ಇನ್ನು ಜಿಲ್ಲೆಯ ಹೆಸರು. 1884ರ ಧಾರವಾಡ ಗೆಜೆಟಿಯರಿನಲ್ಲಿ ಈ ಸೀಮೆ ಮುಂಬೈ ಪ್ರಾಂತ್ಯದ್ದು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು, 1997ರಲ್ಲಿ ಧಾರವಾಡದಿಂದ ಒಡೆದು ಹಾವೇರಿ ಜಿಲ್ಲೆಯಾಯಿತು. ಹಾಗಾಗಿ 1997ಕ್ಕೆ ಮುಂಚೆ ಬ್ಯಾಡಗಿ ಹೊಲದಿಂದ ಎತ್ತಿಟ್ಟ ಬೀಜದ ಪೊಟ್ಟಣಕ್ಕೆ ಜಿಲ್ಲೆ ಧಾರವಾಡ. ಆ ಧಾರವಾಡವೂ ಹಳೆಯ ಇಂಗ್ಲಿಷ್ ಬರಹದಲ್ಲಿ ‘ಡಿ’ಯಿಂದಲ್ಲ, ‘ಆರ್’ನಿಂದ ಮುಗಿಯುತ್ತದೆ. ‘ಹಾವೇರಿ’ ಅಂತ ಹುಡುಕಿದವರ ಬಲೆಗೆ ಇವು ಯಾವುವೂ ಬೀಳುವುದಿಲ್ಲ. ಹೊಲ ಅಲ್ಲೇ ಇದೆ, ಚೀಟಿ ಮಾತ್ರ ಮತ್ತೆ ಮತ್ತೆ ಬದಲಾಯಿತು.

ಬ್ಯಾಡಗಿಯ ಕಾಗುಣಿತದ ಪಾಡು ಕೇಳುವುದೇ ಬೇಡ. ರೈಲ್ವೆ ನಿಲ್ದಾಣದ ಇಂಗ್ಲಿಷ್ ಹೆಸರು ಮೂರು ಉಚ್ಚಾರಕ್ಕೆ ಎರಡೇ ಸ್ವರ ಕೊಡುತ್ತದೆ, ‘ಬ್ಯಾಡ್ಗಿ’. 2011ರಲ್ಲಿ ಸ್ಪೈಸಸ್ ಬೋರ್ಡಿನ ಅರ್ಜಿಯ ಮೇಲೆ ಸಿಕ್ಕ ಭೌಗೋಳಿಕ ಸೂಚಕದಲ್ಲಿ ನಡುವೆ ಒಂದು ‘ಎ’ ಹೆಚ್ಚು, ‘ಬ್ಯಾಡಗಿ’. ಕೆಲವರು ‘ಬ್ಯಾಡಿಗೆ’ ಎನ್ನುತ್ತಾರೆ, ಕೆಲವರು ಮೊದಲ ‘ಎ’ಯನ್ನೇ ನುಂಗುತ್ತಾರೆ. ಮುಂಬೈ, ಗೋವಾದ ಅಂಗಡಿಗಳಲ್ಲಿ ಅದು ‘ಬೆಡ್ಗಿ ಮಿರ್ಚಿ’. ಕನ್ನಡದ ಕಿವಿಗೆ ಇವೆಲ್ಲ ಒಂದೇ. ಹುಡುಕುವ ಯಂತ್ರಕ್ಕೆ ಐದು ಬೇರೆ ಬೇರೆ ಪದಗಳು.

ಎನ್‌ಸಿಬಿಐನ ಎಂಟ್ರೆಜ್ ಎಂಬ ಹುಡುಕುವ ವ್ಯವಸ್ಥೆಯಲ್ಲಿ ಇದಕ್ಕೊಂದು ಉಪಾಯವಿದೆ. ‘ಬಿ, ವೈ, ಎ, ಡಿ’ ಎಂದು ನಾಲ್ಕು ಅಕ್ಷರ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಹಾಗೆ ಶುರುವಾಗುವ ಎಲ್ಲ ಪದಗಳೂ ಸಿಗುತ್ತವೆ. ರೈಲ್ವೆಯದೂ, ಭೌಗೋಳಿಕ ಸೂಚಕದ್ದೂ, ‘ಬ್ಯಾಡಿಗೆ’ಯೂ ಬಲೆಗೆ ಬಿತ್ತು. ‘ಎ’ ನುಂಗಿದವರದು ತಪ್ಪಿಸಿಕೊಂಡಿತು, ಮುಂಬೈಯವರ ‘ಬೆಡ್ಗಿ’ಯೂ ತಪ್ಪಿಸಿಕೊಂಡಿತು. ಅವುಗಳನ್ನು ‘ಅಥವಾ’ ಎಂಬರ್ಥದ ಇಂಗ್ಲಿಷಿನ ‘ಆರ್’ ಎಂಬ ಪದ ನಡುವೆ ಇಟ್ಟು ಬೇರೆಯಾಗಿ ಸೇರಿಸಬೇಕು, ಅದೂ ದೊಡ್ಡಕ್ಷರದಲ್ಲಿ. ಸಣ್ಣಕ್ಷರದಲ್ಲಿ ಬರೆದರೆ ಎಂಟ್ರೆಜ್ ಅದನ್ನು ಆಜ್ಞೆ ಎಂದು ತಿಳಿಯುವುದಿಲ್ಲ. ಒಟ್ಟಿನಲ್ಲಿ ಹುಡುಕುವವನಿಗೆ ಊರಿನ ಹೆಸರನ್ನು ಎಷ್ಟು ಬಗೆಯಲ್ಲಿ ಕೆಡಿಸಬಹುದು ಎಂಬುದು ಮೊದಲೇ ಗೊತ್ತಿರಬೇಕು. ಬೆಂಗಳೂರಿನ ಕಂಪ್ಯೂಟರ್ ಪದವೀಧರನಿಗಿಂತ ಬ್ಯಾಡಗಿಯ ಗುಮಾಸ್ತ ಈ ಪರೀಕ್ಷೆಯಲ್ಲಿ ಮುಂದಿರುತ್ತಾನೆ.

ಡೇಟಾಬೇಸುಗಳ ಈ ಚೀಟಿ ಬರೆಯುವ ಪದ್ಧತಿ ಹುಟ್ಟಿದ್ದು ಪುಸ್ತಕದಲ್ಲಿ. 1965ರಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಮತ್ತು ಸಂಗಡಿಗರು ಆಗ ಗೊತ್ತಿದ್ದ 65 ಪ್ರೋಟೀನು ಸಾಲುಗಳನ್ನು ಒಂದು ಅಟ್ಲಾಸಿನಲ್ಲಿ ಅಚ್ಚು ಹಾಕಿಸಿದರು. 65 ಇದ್ದಾಗ ಹುಡುಕುವುದೇನು ಬಂತು, ಪುಟ ತಿರುವಿದರೆ ಮುಗಿಯಿತು. 1982ರ ಕೊನೆಗೆ ಅಮೆರಿಕದ ಸಂಗ್ರಹ ಜೆನ್‌ಬ್ಯಾಂಕಿನಲ್ಲಿ 606 ಡಿಎನ್ಎ ಸಾಲುಗಳು, ಒಟ್ಟು 6,80,338 ಅಕ್ಷರಗಳು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅದರ ಯುರೋಪಿನ ಜೋಡಿ ಆಗಲೇ ಕೆಲಸ ಶುರುಮಾಡಿತ್ತು. ಮುಂದೆ ಸಂಗ್ರಹ ಉಕ್ಕತೊಡಗಿದಂತೆ ಹುಡುಕುವ ಉಪಕರಣಗಳು ಬಂದವು: ಹೈಡೆಲ್‌ಬರ್ಗಿನಲ್ಲಿ ಥುರೆ ಎಟ್ಜೋಲ್ಡ್ ಕಟ್ಟಿದ ಎಸ್‌ಆರ್‌ಎಸ್, ಅಮೆರಿಕದಲ್ಲಿ ಎಂಟ್ರೆಜ್. ಎಂಟ್ರೆಜ್ ಮೊದಲು ಬಂದದ್ದು ಸಿ.ಡಿ.ಯಲ್ಲಿ, 1990ರ ದಶಕದ ಆರಂಭದಲ್ಲಿ. ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 1986–87ರಲ್ಲೇ ಮಾಹಿತಿ ಕೇಂದ್ರಗಳ ಜಾಲ ಹೆಣೆಯಲು ತೊಡಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಕೇಂದ್ರ ಬಂತು.

ಜೆನ್‌ಬ್ಯಾಂಕಿನ ಒಂದು ದಾಖಲೆ ತೆರೆದು ನೋಡಿದರೆ ಬ್ಯಾಡಗಿಯ ಚೀಟಿಯೇ ನೆನಪಾಗುತ್ತದೆ. ಮೊದಲ ಸಾಲು ಲೋಕಸ್, ಅಲ್ಲಿ ಉದ್ದ ಮತ್ತು ದಿನಾಂಕ. ಎರಡನೆಯದು ಡೆಫಿನಿಷನ್, ಒಂದೆರಡು ಸಾಲಿನ ವಿವರಣೆ. ಆಮೇಲೆ ಅಕ್ಸೆಷನ್ ನಂಬರು. ಇದು ಲಾಟ್ ನಂಬರಿದ್ದಂತೆ, ಹೆಸರು ಏನೇ ಬದಲಾದರೂ ಇದು ಬದಲಾಗುವುದಿಲ್ಲ. ಕೆಳಗೆ ಜೀವಿ ಯಾವುದು, ಸಲ್ಲಿಸಿದವರು ಯಾರು, ತಳಿ ಯಾವುದು, ಎಲ್ಲಿಂದ ತಂದದ್ದು. ಕಟ್ಟಕಡೆಗೆ ‘ಒರಿಜಿನ್’ ಎಂಬ ಪದ, ಅದರ ಕೆಳಗೆ ಸಾಲಿಗೆ ಅರವತ್ತರಂತೆ, ಹತ್ತು ಹತ್ತರ ಗುಂಪಿನಲ್ಲಿ ಸರಕು. ಪಠ್ಯದ ಹುಡುಕಾಟ ‘ಒರಿಜಿನ್’ನ ಹೊಸ್ತಿಲು ದಾಟುವುದಿಲ್ಲ. ತಳಿಯ ಕಾಲಮ್ಮನ್ನು ಯಾರಾದರೂ ಖಾಲಿ ಬಿಟ್ಟಿದ್ದರೆ ಮೆಣಸಿನಕಾಯಿ ಅಲ್ಲೇ ಇದ್ದೂ ಇಲ್ಲದಂತೆ.

ಜೀನುಗಳ ಹೆಸರಿಗೂ ಇದೇ ಗತಿ. ಖಾರ ಇರುವುದೋ ಇಲ್ಲವೋ ಎಂಬುದನ್ನು ಒಂದು ಪ್ರಬಲ ಜೀನು ತೀರ್ಮಾನಿಸುತ್ತದೆ ಎಂದು ಭಾರತದ ಮೆಣಸಿನಕಾಯಿಗಳನ್ನು ಅಭ್ಯಾಸ ಮಾಡಿದ ಆರ್.ಬಿ. ದೇಶಪಾಂಡೆ 1935ರಲ್ಲಿ ಬರೆದರು. ಅದಕ್ಕೆ ಅವರು ಇಟ್ಟ ಹೆಸರು ‘ಸಿ’, ಬರೀ ಒಂದಕ್ಷರ. ಆಗ ಅಷ್ಟು ಸಾಕಿತ್ತು. ಇವತ್ತು ಯಾರಾದರೂ ‘ಸಿ’ ಎಂದು ಹುಡುಕಿದರೆ ಭೂಮಂಡಲವೇ ಎದ್ದು ಬರುತ್ತದೆ. ಮುಂದೆ ಅದೇ ಜೀನು ‘ಎಟಿ3’ ಎಂದು ಕಾಣಿಸಿಕೊಂಡಿತು, 2005ರಲ್ಲಿ ‘ಪನ್1’ ಆಯಿತು. ಅಂದರೆ ದೇಶಪಾಂಡೆಯವರ ‘ಸಿ’ಯನ್ನು ಹುಡುಕಬೇಕಾದವರಿಗೆ ಆ ಮೂರೂ ಹೆಸರಿನ ಕಥೆ ಗೊತ್ತಿರಬೇಕು, ಕಥೆ ಗೊತ್ತಿಲ್ಲದಿದ್ದರೆ ಎಪ್ಪತ್ತು ವರ್ಷದ ದುಡಿಮೆ ಕೈಗೆಟುಕುವುದಿಲ್ಲ.

ಬ್ಯಾಡಗಿಗೆ ಖಾರಕ್ಕಿಂತ ಹೆಸರು ತಂದದ್ದು ಬಣ್ಣ. ಓಲಿಯೋರೆಸಿನ್ ಎಂಬ ಸತ್ವ ತೆಗೆಯುವ ಕಾರ್ಖಾನೆಗಳು ಈ ಕಾಯಿಗೆ ಬೆಲೆ ಕಟ್ಟುವುದು ಆಸ್ಟಾ ಎಂಬ ಅಳತೆಯಿಂದ. ಅದು ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಗಿಡ್ಡರೂಪ, ಈಗ ಇಲ್ಲಿನ ವ್ಯಾಪಾರದ ಮಾತು. ಆ ಕೆಂಪಿನ ಮುಖ್ಯ ದ್ರವ್ಯ ಕ್ಯಾಪ್ಸ್ಯಾಂಥಿನ್. ಅದನ್ನು ತಯಾರಿಸುವ ಕಿಣ್ವದ ಜೀನನ್ನು ಫ್ರಾನ್ಸಿನ ಸಂಶೋಧಕರು 1994ರಲ್ಲಿ ಹಿಡಿದು ಕೊಟ್ಟರು; ಕ್ಯಾಪ್ಸ್ಯಾಂಥಿನ್-ಕ್ಯಾಪ್ಸೊರುಬಿನ್ ಸಿಂಥೇಸ್, ಚಿಕ್ಕದಾಗಿ ‘ಸಿಸಿಎಸ್’. ಮನುಷ್ಯರಲ್ಲೂ ‘ಸಿಸಿಎಸ್’ ಎಂಬ ಜೀನಿದೆ, ತಾಮ್ರವನ್ನು ಹೊತ್ತು ತಲುಪಿಸುವ ಪ್ರೋಟೀನಿನದು. ಜೀವಿಯ ಹೆಸರಿನ ಕಟ್ಟು ಹಾಕದೆ ಹುಡುಕಿದವರಿಗೆ ಮೆಣಸಿನಕಾಯಿಯ ಕೆಂಪಿನ ಬದಲು ಮನುಷ್ಯನ ತಾಮ್ರ ಸಿಕ್ಕೀತು.

ರಾಣೆಬೆನ್ನೂರಿಗೆ ಬಂದರೆ ಹೆಸರಿನ ಆಟ ಬೇರೆಯೇ ದಿಕ್ಕಿಗೆ ತಿರುಗುತ್ತದೆ. ಹತ್ತಿಯ ಈ ಪೇಟೆ ಕ್ರಮೇಣ ಹೈಬ್ರಿಡ್ ಬೀಜದ ಊರಾಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ‘ವರಲಕ್ಷ್ಮಿ’ ಹತ್ತಿಯನ್ನು ಕೊಟ್ಟರು, ಎರಡು ಬೇರೆ ಬೇರೆ ಜಾತಿಯ ಹತ್ತಿಗಳ ಸಂಕರ. ತಾಯಿ ‘ಲಕ್ಷ್ಮಿ’, ತಂದೆ ‘ಎಸ್‌ಬಿ 289ಇ’. ಜಾತಕ ಬಹಿರಂಗ, ಯಾರು ಬೇಕಾದರೂ ಹುಡುಕಿ ನೋಡಬಹುದು. ಮರುವರ್ಷ ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಅವರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ‘ಕರ್ನಾಟಕ’ ಎಂಬ ಟೊಮೆಟೊ ಮತ್ತು ‘ಭಾರತ್’ ಎಂಬ ದೊಣ್ಣಮೆಣಸಿನಕಾಯಿ ಹೈಬ್ರಿಡ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಖಾಸಗಿ ಬೀಜದ ಕಾಲ ಶುರುವಾಯಿತು.

ಆ ಕಾಲದ ಗುರುತು ರಾಣೆಬೆನ್ನೂರು ಸುತ್ತಿನ ಹೊಲಗಳಲ್ಲಿ ಇವತ್ತೂ ಕಾಣುತ್ತದೆ. ಪರದೆ ಕಟ್ಟಿದ ತಾಕಿನಲ್ಲಿ ಸಂಜೆ ಹೆಣ್ಣುಮಕ್ಕಳು ಮರುದಿನ ಅರಳಬೇಕಾದ ಟೊಮೆಟೊ ಮೊಗ್ಗನ್ನು ಇಕ್ಕಳದಿಂದ ಬಿಡಿಸಿ ಕೇಸರಗಳನ್ನು ಕಿತ್ತುಹಾಕುತ್ತಾರೆ. ಬೆಳಿಗ್ಗೆ ಗಂಡು ಸಾಲಿನಿಂದ ಕೂಡಿಸಿಟ್ಟ ಪರಾಗವನ್ನು ಬೆರಳ ತುದಿಯಿಂದ ಮುಟ್ಟಿಸುತ್ತಾರೆ. ‘ಕ್ರಾಸಿಂಗ್’ ಆದ ಹೂ ಗೊತ್ತಾಗಲಿ ಅಂತ ಪುಷ್ಪಪಾತ್ರೆಯ ಎಸಳು ಒಂದೆರಡನ್ನು ಕತ್ತರಿಸುತ್ತಾರೆ. ಕಾಯಿ ಹಣ್ಣಾದಾಗ ತೊಟ್ಟಿನ ಹತ್ತಿರದ ಆ ಕತ್ತರಿಯೇ ಅದರ ಚೀಟಿ. ಎಸಳು ಪೂರ್ತಿ ಇದ್ದ ಹಣ್ಣು ಬೀಜಕ್ಕೆ ಬರುವುದಿಲ್ಲ. ಇಷ್ಟು ಕೈಕೆಲಸ ಮಾಡಿದವರಿಗೆ ತಳಿಯ ಹೆಸರು ಗೊತ್ತಿರುವುದಿಲ್ಲ. ಕಂಪನಿಯ ಪರವಾಗಿ ಬೀಜ ಬೆಳೆಸುವ ಆರ್ಗನೈಸರ್ ಕೊಟ್ಟ ಪೊಟ್ಟಣದ ಮೇಲೆ ಒಂದು ಕೋಡು, ಗಂಡು ಸಾಲು, ಹೆಣ್ಣು ಸಾಲು, ಅಷ್ಟೇ. ತಂದೆತಾಯಿ ಯಾರೆಂಬುದು ಕಂಪನಿಯ ಗುಟ್ಟು. ಬ್ಯಾಡಗಿಯಲ್ಲಿ ಹೆಸರು ಜಾಸ್ತಿಯಾಗಿ ತೊಂದರೆ; ಇಲ್ಲಿ ಹೆಸರೇ ಇಲ್ಲ. ಕೋಡನ್ನು ಟೈಪಿಸಿ ಯಾವ ಡೇಟಾಬೇಸಿನಲ್ಲಿ ಹುಡುಕಿದರೂ ಅದರ ಜಾತಕ ಹೊರಬರುವುದಿಲ್ಲ.

ಹೆಸರು ಒಮ್ಮೊಮ್ಮೆ ಹೊಲದಿಂದ ವಿಜ್ಞಾನದ ಬರಹಕ್ಕೂ ಹೋಗಿದೆ. ನುಸಿ, ಥ್ರಿಪ್ಸ್ ಮತ್ತು ವೈರಸ್ಸಿನ ಕಾಟಕ್ಕೆ ಮೆಣಸಿನಕಾಯಿ ಗಿಡದ ಎಲೆ ಮುದುಡಿ ಚಿಗುರು ಕುಗ್ಗುವ ರೋಗಕ್ಕೆ ರೈತರು ಹೇಳುವ ‘ಮುರ್ಡಾ’ ಎಂಬ ಮಾತು ಧಾರವಾಡದ ವಿಜ್ಞಾನಿಗಳ ಇಂಗ್ಲಿಷ್ ಪ್ರಬಂಧಗಳಿಗೆ ‘ಮುರ್ಡಾ ಕಾಂಪ್ಲೆಕ್ಸ್’ ಆಗಿ ಹಾಗೇ ಏರಿತು. ಆ ಪದ ಬಲ್ಲವರಿಗೆ ಒಂದು ರಾಶಿ ಪ್ರಬಂಧ ಸಿಗುತ್ತದೆ. ‘ಲೀಫ್ ಕರ್ಲ್’ ಎಂದಷ್ಟೇ ಹುಡುಕಿದವರಿಗೆ ಅದರಲ್ಲಿ ಎಷ್ಟೋ ತಪ್ಪಿಹೋಗುತ್ತದೆ. ‘ಲೀಫ್ ಕರ್ಲ್’ ವೈರಸ್ಸುಗಳ ಹೆಸರಿನಲ್ಲಿ ಒಂದು ‘ಚಿಲ್ಲಿ’, ಇನ್ನೊಂದು ‘ಪೆಪ್ಪರ್’. ಟೊಮೆಟೊ ಎಲೆ ಮುದುಡಿಸುವ ವೈರಸ್ಸುಗಳಲ್ಲಿ ಒಂದರ ಹೆಸರಿನಲ್ಲಿ ‘ಕರ್ನಾಟಕ’ ಇದೆ, ಇನ್ನೊಂದರಲ್ಲಿ ‘ಬ್ಯಾಂಗಲೋರ್’. 2014ರ ನವೆಂಬರ್ 1ರಂದು ನಗರ ಅಧಿಕೃತವಾಗಿ ಬೆಂಗಳೂರು ಆಯಿತು. ಹಳೆಯ ಹೆಸರಿಟ್ಟು ಸಲ್ಲಿಸಿದ ದಾಖಲೆಗಳಲ್ಲಿ ವೈರಸ್ಸು ಇನ್ನೂ ಬ್ಯಾಂಗಲೋರಿನಲ್ಲೇ ಇದೆ.

ಅದೇ 2014ರಲ್ಲಿ ಮೆಣಸಿನಕಾಯಿಯ ಇಡೀ ಜೀನೋಮು ಓದಿ ಮುಗಿಸಿದ ಎರಡು ವರದಿಗಳು ಹೊರಬಂದವು. ದಕ್ಷಿಣ ಕೊರಿಯಾದವರ ನೇತೃತ್ವದಲ್ಲಿ ಓದಿದ್ದು ಮೆಕ್ಸಿಕೋದ ಮೊರೆಲೋಸ್ ಕಡೆಯ ‘ಸಿಎಂ334’ ಎಂಬ ನಾಟಿ ತಳಿ. ಚೀನಾದವರು ಓದಿದ್ದು ‘ಜುನ್ಲಾ-1’. ಸುಮಾರು 350 ಕೋಟಿ ಅಕ್ಷರ, ಸುಮಾರು 35,000 ಜೀನು. ಟೊಮೆಟೊಗೆ ಹೋಲಿಸಿದರೆ ಅಕ್ಷರಗಳು ಮೂರೂವರೆ ಪಟ್ಟಿಗೂ ಹೆಚ್ಚು. ಅಲ್ಲಿಂದಾಚೆ ಯಾವ ಮೆಣಸಿನಕಾಯಿಯ ತುಣುಕು ಸಿಕ್ಕರೂ ಹೋಲಿಸಿ ನೋಡಲು ಮೂಲಪ್ರತಿ ಇದೆ. ಚೀಲಕ್ಕೆ ಕೈ ಹಾಕುವುದು ಸುಲಭವಾಯಿತು.

ಚೀಟಿಯ ಕಡೆಗೂ ಈಗೀಗ ಗಮನ ಬಂದಿದೆ. ಜೆನ್‌ಬ್ಯಾಂಕ್ ಮತ್ತು ಅದರ ಯುರೋಪ್, ಜಪಾನಿನ ಜೊತೆಗಾರರು ಇತ್ತೀಚೆಗೆ ಮಾದರಿಯನ್ನು ಎಲ್ಲಿಂದ, ಯಾವಾಗ ತಂದದ್ದು ಎಂದು ಹೇಳಲೇಬೇಕು ಎಂಬ ನಿಯಮ ಬಿಗಿ ಮಾಡಿದರು. ಮೊದಲು ‘ದೇಶ’ ಎಂದಿದ್ದ ಕಾಲಮ್ಮು 2024ರಲ್ಲಿ ‘ಭೌಗೋಳಿಕ ಸ್ಥಳ’ವಾಯಿತು. ಅಲ್ಲಿ ದೇಶದ ಹೆಸರು, ಅಡ್ಡಗೆರೆಯಲ್ಲ, ಎರಡು ಚುಕ್ಕೆ, ಆಮೇಲೆ ರಾಜ್ಯ ಅಥವಾ ಊರು.

ಈ ಕಾಲಮ್ಮು ತುಂಬಬೇಕಾದ ವಿದ್ಯಾರ್ಥಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಸೋಮವಾರ ಮಾರುಕಟ್ಟೆಗೆ ಹೋಗಿ ಒಳ್ಳೆಯ ಡಬ್ಬಿ ಕಾಯಿ ಅರ್ಧ ಕಿಲೊ ಕೇಳಿ ತಂದಿದ್ದಾಳೆ. ಬೀಜ ಬಿಡಿಸಿ, ಸಸಿ ಎಬ್ಬಿಸಿ, ಎಲೆಯಿಂದ ಡಿಎನ್ಎ ತೆಗೆದು, ಓದಿಸಿ ಮುಗಿಸಿದ್ದಾಳೆ. ಕಾಲಮ್ಮಿನಲ್ಲಿ ಭಾರತ, ಎರಡು ಚುಕ್ಕೆ, ಕರ್ನಾಟಕ ಎಂದು ಬರೆದು ಬ್ಯಾಡಗಿಯ ಕಾಗುಣಿತಕ್ಕೆ ಬಂದು ನಿಂತಿದ್ದಾಳೆ, ‘ಎ’ ಒಂದೋ ಎರಡೋ. ಚೀಲದ ಚೀಟಿಯನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡಿದ್ದು ಆಗ ನೆನಪಾಗುತ್ತದೆ. ದೊಡ್ಡದು ಮಾಡಿ ನೋಡುತ್ತಾಳೆ. ಬಾಲ್ ಪೆನ್ನಿನ ಅಕ್ಷರ, ಖಾರದಪುಡಿ ಹತ್ತಿ ಅರ್ಧ ಮಾಸಿದೆ. ತಳಿ: ಡಬ್ಬಿ. ಊರು: ಕುಂದಗೋಳ ತಾಲೂಕಿನ ಒಂದು ಹಳ್ಳಿ.